ಸದ್ದು ನಿಂತರೆ ಏಳುವ ದೊಡ್ಡಪ್ಪ

ನಿದ್ದೆ ಮಾಡುವ ಶಾಸಕರನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ನಿದ್ದೆ ಮಾಡಿಯೇ ಶಾಸಕರಾದವರನ್ನು ನೋಡಿದ್ದೀರಾ? ನಮ್ಮ ದೊಡ್ಡಪ್ಪನನ್ನು ನೋಡಿ!

ಚಳ್ಳಕೆರೆಯಲ್ಲಿ ಅವರದು ಶೇಂಗಾ ಎಣ್ಣೆ ಮಿಲ್ಲು. ಯಂತ್ರದ ಗಡಗಡ ಸದ್ದಿಗೆ ಬಂದ ನೆಂಟರೆಲ್ಲ ತಲೆ ಹಿಡಿದುಕೊಂಡರೆ, ಇವರು ಪಕ್ಕದ ಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದರು. ಸದ್ದು ನಿಂತಿತೋ, ದಡಕ್ಕನೆ ಎದ್ದು “ಯಾಕ್ಲೇ ನಿಂತೋತು?” ಎಂದು ಕೂಗುವರು. ಕರೆಂಟ್ ಹೋದರೆ ಊರಿಗೆಲ್ಲ ಕತ್ತಲು, ನಮ್ಮ ಬೀದಿಗೆ ಜಾಗರಣೆ!

ಮೊಳಕಾಲ್ಮೂರಿನಿಂದ ಚುನಾವಣೆಗೆ ನಿಂತರು. ವೇದಿಕೆಯಲ್ಲಿ ಮುಖಂಡರು ಗಂಟಲು ಹರಿದುಕೊಳ್ಳುತ್ತಿದ್ದರೆ ಅಭ್ಯರ್ಥಿ ಹಾರದ ಸಮೇತ ನಿದ್ದೆ. ಅಷ್ಟರಲ್ಲಿ ಮೈಕ್ ಕೈಕೊಟ್ಟಿತು. ದೊಡ್ಡಪ್ಪ ಥಟ್ಟನೆ ಎದ್ದು, ಪಂಚೆ ಎತ್ತಿ ಕಟ್ಟಿ, ವೇದಿಕೆಯ ಕೆಳಗೆ ನುಗ್ಗಿ ವೈರು ಜೋಡಿಸಿ ಬಂದರು. “ಉಳಿದೋರು ಬರೇ ಮಾತಾಡ್ತಾರೆ, ಈವಯ್ಯ ಕೆಲ್ಸ ಮಾಡ್ತಾನೆ” ಎಂದು ಜನ ಓಟು ಹಾಕಿಯೇಬಿಟ್ಟರು.

ವಿಧಾನಸಭೆಯಲ್ಲಿ ಗದ್ದಲಕ್ಕೇನು ಬರವೇ? ಸುಖವಾಗಿ ನಿದ್ದೆ ಬರುತ್ತಿತ್ತು. ಒಮ್ಮೆ ಸಂತಾಪ ಸೂಚಿಸಲು ಸದನವೆಲ್ಲ ಎದ್ದು ಮೌನವಾಗಿ ನಿಂತಾಗ, ಬೆಚ್ಚಿ ಕಣ್ಣುಬಿಟ್ಟು “ಏನ್ರೀ, ಕರೆಂಟ್ ಹೋಯ್ತಾ?” ಎಂದರಂತೆ!

ಊರಿನಲ್ಲೂ ಅಷ್ಟೇ. ಅಹವಾಲು ತಂದವರು ಕಿರುಚಾಡುವಾಗ ತೂಕಡಿಸುವರು. ಮೂಲೆಯಲ್ಲಿ ಮಾತಿಲ್ಲದೆ ನಿಂತ ಮುದುಕಿ ಕಂಡರೆ ಮಾತ್ರ “ಏಮಮ್ಮಾ, ಏಮೈಂದಿ?” ಎಂದು ಏನಾಯಿತೆಂದು ಅವಳ ತೆಲುಗಿನಲ್ಲೇ ಕೇಳುತ್ತಾ ಎದ್ದು ಹೋಗುವರು. ಯಾಕೆಂದು ಕೇಳಿದರೆ, “ಕಿರುಚೋರಿಗೆ ಕಿರುಚಾಕಾದ್ರೂ ಶಕ್ತಿ ಐತೆ” ಎನ್ನುವರು.

ಇಷ್ಟೆಲ್ಲ ನಕ್ಕಿದ್ದಾಯಿತು. ನನ್ನ ನಿಶ್ಚಿತಾರ್ಥದ ದಿನಕ್ಕೆ ಬರುತ್ತೇನೆ.

ನನಗೆ ಬಿ.ಎಡ್. ಓದಿ ಟೀಚರಾಗುವ ಆಸೆ. ಗಂಡಿನ ಕಡೆಯವರು ಓದು ಸಾಕೆಂದಿದ್ದರು, ಅಪ್ಪ ಒಪ್ಪಿಬಿಟ್ಟಿದ್ದರು. ಮನೆ ತುಂಬ ನಗು, ಹರಟೆ. ದೊಡ್ಡಪ್ಪ ಕುರ್ಚಿಯಲ್ಲಿ ಯಥಾಪ್ರಕಾರ ಗೊರಕೆ. ಬೀಗರು “ಒಪ್ಪಿಗೆ ತಾನೇನವ್ವಾ?” ಎಂದರು. ಎಲ್ಲರೂ ಮಾತು ನಿಲ್ಲಿಸಿ ನನ್ನತ್ತ ನೋಡಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

“ನಾಚ್ಕಂತಾಳೆ, ತಾಂಬೂಲ ತಗಳ್ರಿ” ಎಂದರು ಅಪ್ಪ.

“ತಡಿಲೇ ತಮ್ಮಾ, ಇದು ನಾಚ್ಕೆ ಅಲ್ಲ.” ದೊಡ್ಡಪ್ಪ ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. “ನಿಂಗೇನು ಬೇಕು ಹೇಳವ್ವಾ.”

“ಓದ್ಬೇಕು ದೊಡ್ಡಪ್ಪ.”

ಅಷ್ಟೇ. ಬೀಗರು ಮುಖ ಕೆಂಪಗೆ ಮಾಡಿಕೊಂಡು ಎದ್ದರು. “ಅಣ್ಣಾ, ಅವ್ರ ಹಿಂದೆ ಎಷ್ಟು ಹಳ್ಳಿ ಓಟು ಐತೆ ಗೊತ್ತಾ?” ಎಂದು ಅಪ್ಪ ಗೋಗರೆದರು. “ಹೋದ್ರೆ ಹೋಗ್ಲಿ ಬಿಡು. ನನ್ ಮಿಲ್ಲು ಎಲ್ಲೋಗುತ್ತೆ?” ಎಂದರು ದೊಡ್ಡಪ್ಪ.

ಮುಂದಿನ ಚುನಾವಣೆಯಲ್ಲಿ ಆ ಓಟು ಹೋಗೇ ಹೋದವು. ದೊಡ್ಡಪ್ಪ ಸೋತರು. ಫಲಿತಾಂಶ ಬಂದ ದಿನ ಅವರೆದುರು ನಿಂತು ಅತ್ತುಬಿಟ್ಟೆ. “ನನ್ನಿಂದ ಹಿಂಗಾಯ್ತು.”

“ಅಳೋದು ಆಮೇಲೆ. ನಾಳೆ ನಿನ್ ಪರೀಕ್ಷೆ ಐತಲ್ಲ? ನಡಿ, ದುರ್ಗದ ಬಸ್ಸು ತುಂಬೋಗುತ್ತೆ.”

ನನ್ನ ಬ್ಯಾಗು ಹೆಗಲಿಗೇರಿಸಿಕೊಂಡು, ನೂಕುನುಗ್ಗಲಿನಲ್ಲಿ ನುಗ್ಗಿ, ಮಾಜಿ ಶಾಸಕರು ಕಿಟಕಿಯಿಂದ ಟವೆಲ್ ಎಸೆದು ನನಗೆ ಸೀಟು ಹಿಡಿದರು. ಇವತ್ತು ಮೊಳಕಾಲ್ಮೂರಿನ ಶಾಲೆಯಲ್ಲಿ ಮಕ್ಕಳು “ಮಿಸ್” ಎಂದು ಕರೆದಾಗೆಲ್ಲ ನನಗೆ ಆ ಟವೆಲ್ ನೆನಪಾಗುತ್ತದೆ, ಅಲ್ಲಿಂದಲೇ ಅವರಿಗೆ ಕೈಮುಗಿಯುತ್ತೇನೆ.