ನನ್ನ ಓಟ, ಅತ್ತೆಯ ಜಪಸರ

ನಲವತ್ತಾರನೇ ವಯಸ್ಸಿನಲ್ಲಿ ಓಡಲು ಶುರುಮಾಡಿದ ಹೆಂಗಸಿಗೆ ಮಂಡಿನೋವು ಬಂದರೂ ಬರಬಹುದು, ಬರದೆಯೂ ಇರಬಹುದು. ಫಜೀತಿ ಮಾತ್ರ ತಪ್ಪದೇ ಬರುತ್ತದೆ. ನನಗಂತೂ ತಿಂಗಳಿಗೊಂದು ಬರುತ್ತಿದೆ.

ನಾನು ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಮನೆ ಹಾಸನದಲ್ಲಿ, ತವರು ಹೊಳೆನರಸೀಪುರ. ಮನೆಯಲ್ಲಿ ಗಂಡ, ಪಿಯುಸಿ ಓದುವ ಮಗಳು, ಎಪ್ಪತ್ತೆಂಟು ವರ್ಷದ ಅತ್ತೆ. ನಾವು ಕ್ಯಾಥೊಲಿಕ್ ಕ್ರೈಸ್ತರು. ಅತ್ತೆ ದಿನಕ್ಕೆ ಮೂರು ಸಲ ಜಪಸರ ಹಿಡಿಯುತ್ತಾರೆ, ನಾನು ಒಂದು ಸಲ, ನನ್ನ ಗಂಡ ಕರೆಂಟು ಹೋದಾಗ.

ಹೋದ ವರ್ಷ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಮೇಡಂ. ಒಳಗೆ ಬರೋಕೆ ಮುಂಚೆ ಓಡೋದು ಕಲೀರಿ" ಅಂದರು. ಮನೆಗೆ ಬಂದು ಹೇಳಿದೆ. ಅತ್ತೆ ಕೇಳಿದರು, "ಬಾಗ್ಲಲ್ಲಿ ನಿಂತಿರೋದು ಅದು. ನೀನ್ಯಾಕವ್ವ ಓಡ್ಬೇಕು?"

೧. ನನಗಾಗಿ ನಿಂತ ಬಸ್ಸು

ಹಾಸನದಲ್ಲಿ ಓಡಿದರೆ ನೆಂಟರು, ಪರಿಚಯದವರು, ಚರ್ಚಿನವರು ಎಲ್ಲರ ಕಣ್ಣಿಗೂ ಬೀಳುತ್ತೇನೆ. ಅದಕ್ಕೇ ಶನಿವಾರ ಶಾಲೆ ಬೇಗ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲೇ ಚೂಡಿದಾರ ಹಾಕಿ, ಬೂಟು ಕಟ್ಟಿ, ಅರಕಲಗೂಡಿನಿಂದ ಮಲ್ಲಿಪಟ್ಟಣದ ರಸ್ತೆ ಹಿಡಿದೆ. ಊರು ದಾಟುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿತ್ತು. ಅಷ್ಟರಲ್ಲಿ ಒಂದು ಬಸ್ಸು ನನ್ನನ್ನು ದಾಟಿ ಹೋಗಿ, ಐವತ್ತು ಅಡಿ ಮುಂದೆ ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಕೂಗಿದ, "ಬಾ ತಾಯಿ, ಬಾ! ನಿಲ್ಸಿವ್ನಿ! ನಿಧಾನಕ್ಕೆ ಬಾ, ಬಿದ್ಗಿದ್ದೀಯ!"

ನಾನು ಬೇಡ ಬೇಡ ಎಂದು ಕೈ ಅಲ್ಲಾಡಿಸಿದೆ. ಬಸ್ಸಿನವರಿಗೆ ಅದು ನಿಲ್ಲಿಸಿ ನಿಲ್ಲಿಸಿ ಅಂದ ಹಾಗೆ ಕಂಡಿತು. ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. "ಪಾಪ, ಉಸ್ರು ಕಟ್ಕಂಡ್ ಓಡ್ ಬತ್ತಾವ್ಳೆ ಕಣ್ರೋ, ರಿವರ್ಸ್ ತಗೊಳ್ರಿ!" ಎಂದಿತು ಒಂದು ಅಜ್ಜಿ. ಡ್ರೈವರು ನಿಜವಾಗಿಯೂ ರಿವರ್ಸ್ ತಂದ. ಇಡೀ ಬಸ್ಸು ನನಗೋಸ್ಕರ ಹಿಂದಕ್ಕೆ ಬಂದ ಮೇಲೆ "ನಾನು ಸುಮ್ಮನೆ ಓಡುತ್ತಿದ್ದೆ" ಅನ್ನುವುದಾದರೂ ಹೇಗೆ? ಹತ್ತಿದೆ. ಇಬ್ಬರು ಎದ್ದು ಸೀಟು ಕೊಟ್ಟರು. ಅಜ್ಜಿ ತನ್ನ ಬಾಟಲಿಯ ನೀರು ಕುಡಿಸಿ, ಸೆರಗಿನಲ್ಲಿ ಗಾಳಿ ಬೀಸಿತು.

"ಎಲ್ಲಿಗೆ ತಾಯಿ?" ಎಂದ ಕಂಡಕ್ಟರು.

ಎಲ್ಲಿಗೂ ಇಲ್ಲ ಎನ್ನಲಾಗದೆ "ಮಲ್ಲಿಪಟ್ಟಣ" ಎಂದೆ. ಅಲ್ಲಿ ಇಳಿದು, ಏನೋ ಕೆಲಸವಿರುವವಳ ಹಾಗೆ ಅಂಗಡಿ ಸಾಲು ನೋಡಿ, ಅದೇ ಬಸ್ಸು ತಿರುಗಿ ಬಂದಾಗ ಮತ್ತೆ ಹತ್ತಿ ವಾಪಸ್ಸಾದೆ. ಅಜ್ಜಿಯ ಪಕ್ಕದಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಕೂತಿದ್ದ ಎಂಬುದು ಸೋಮವಾರ ತಿಳಿಯಿತು.

ಹೆಡ್‌ಮಾಸ್ಟರು ಕರೆಸಿ, ತುಂಬ ಮರುಕದಿಂದ ಹೇಳಿದರು, "ಬಸ್ಸಿಗೆ ಅಷ್ಟು ತೊಂದರೆ ಇದ್ದರೆ ಹತ್ತು ನಿಮಿಷ ಮೊದಲೇ ಪರ್ಮಿಶನ್ ಕೇಳಬಾರದಾ ಮೇಡಂ? ನಾವೇನು ರಾಕ್ಷಸರಾ?"

೨. ಪ್ರಗತಿ ಕಂಡುಬಂದಿಲ್ಲ

ಮಗಳು ನನ್ನ ಫೋನಿಗೆ ಓಟದ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಎಷ್ಟು ದೂರ, ಎಷ್ಟು ವೇಗ ಎಲ್ಲವನ್ನೂ ಅದು ಕನ್ನಡದಲ್ಲೇ ಹೇಳುತ್ತದೆ. ಹೇಳುವುದು ಒಬ್ಬ ಹೆಂಗಸು. ದನಿ ಕೇಳಿದರೆ ಜಿಲ್ಲಾ ಮಟ್ಟದ ಅಧಿಕಾರಿಣಿ ಇರಬೇಕು ಅನ್ನಿಸುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಓಡಿ ಬಂದು, ಗಡಿಬಿಡಿಯಲ್ಲಿ ಸೀರೆ ಸುತ್ತಿಕೊಂಡು ಚರ್ಚಿಗೆ, ಬಲಿಪೂಜೆಗೆ ಹೋದೆ. ಆ್ಯಪ್ ನಿಲ್ಲಿಸುವುದನ್ನು ಮರೆತಿದ್ದೆ. ನಮ್ಮ ಫಾದರ್ ಒಳ್ಳೆಯವರು, ಆದರೆ ಅವರ ಪ್ರಬೋಧನೆ ಸ್ವಲ್ಪ ಉದ್ದ. ಅವತ್ತಿನ ವಿಷಯ ತಾಳ್ಮೆ. ಇಪ್ಪತ್ತೈದು ನಿಮಿಷವಾಗಿತ್ತು. ಒಂದು ಗಂಭೀರವಾದ ಮಾತು ಹೇಳಿ, ಅದು ಎಲ್ಲರ ಮನಸ್ಸಿಗೆ ಇಳಿಯಲಿ ಎಂದು ಅವರು ಸುಮ್ಮನೆ ನಿಂತರು. ಚರ್ಚಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ.

ನನ್ನ ಬ್ಯಾಗಿನೊಳಗಿಂದ ಅಧಿಕಾರಿಣಿ ಸ್ಪಷ್ಟವಾಗಿ ನುಡಿದಳು: "ನಿಮ್ಮ ವೇಗ ತುಂಬಾ ಕಡಿಮೆಯಾಗಿದೆ."

ಫಾದರ್ ಬಾಯಿ ತೆರೆದವರು ಹಾಗೇ ನಿಂತರು. ನಾನು ಬ್ಯಾಗಿಗೆ ಕೈ ಹಾಕಿದೆ. ಕನ್ನಡಕ ಸಿಕ್ಕಿತು, ಕರವಸ್ತ್ರ ಸಿಕ್ಕಿತು, ಬಾಳೆಹಣ್ಣು ಸಿಕ್ಕಿತು, ಫೋನು ಸಿಗಲಿಲ್ಲ. ಅವಳು ಮುಂದುವರಿಸಿದಳು: "ಕಳೆದ ಇಪ್ಪತ್ತೈದು ನಿಮಿಷಗಳಲ್ಲಿ ಯಾವುದೇ ಪ್ರಗತಿ ಕಂಡುಬಂದಿಲ್ಲ. ಮುಕ್ತಾಯಗೊಳಿಸಲೇ?"

ಮುಂದಿನ ಸಾಲಿನಲ್ಲಿ ಕಿವಿ ಮಂದವಾದ ಒಬ್ಬ ಮುದುಕಮ್ಮ ಇದ್ದಾರೆ. ಇದನ್ನು ಮಾತ್ರ ಅವರು ಸರಿಯಾಗಿ ಕೇಳಿಸಿಕೊಂಡು, "ಆಯ್ತು, ಮುಗ್ಸಿ ಸ್ವಾಮೇರೆ" ಎಂದರು.

ಫಾದರ್ ಎರಡೇ ಮಾತಿಗೆ ಮುಗಿಸಿದರು. ನಾನು ಮುಖ ಮುಚ್ಚಿಕೊಂಡು, ಎಲ್ಲರಿಗಿಂತ ಮೊದಲು ಹೊರಗೆ ಬಂದೆ. ಮುಂದಿನ ಭಾನುವಾರ ಬಾಗಿಲಲ್ಲೇ ಆ ಮುದುಕಮ್ಮ ನನ್ನ ಕೈ ಹಿಡಿದುಕೊಂಡು, ಸುತ್ತ ನೋಡಿ, ಪಿಸುಗುಟ್ಟಿದರು, "ಫೋನ್ ತಂದಿದ್ದೀಯ ತಾನೇ ಮಗಳೇ?"

೩. ಮೀನಖಂಡ

ಇದು ಚಿಕ್ಕದು. ನಮ್ಮ ಬೀದಿಯ ಒಂದು ಮನೆಯಲ್ಲಿ ಪ್ರಾರ್ಥನಾ ಕೂಟ. ಬೆಳಿಗ್ಗೆ ಎಂಟು ಕಿಲೋಮೀಟರ್ ಓಡಿ ಸಾಯಂಕಾಲ ಮಂಡಿಯೂರಿ ಕೂತಿದ್ದೆ. ಎಲ್ಲರೂ ಕಣ್ಣು ಮುಚ್ಚಿ ಮೆಲ್ಲಗೆ ಸ್ತುತಿಸುತ್ತಿರುವಾಗ ಎಡಗಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಂಡಿತು. "ಅಯ್ಯೋ ದೇವರೇ! ಯೇಸುವೇ! ಅಮ್ಮಾ!" ಎಂದು ಕಿರುಚಿದೆ.

ಕೂಟಕ್ಕೆ ರೋಮಾಂಚನವಾಯಿತು. ಮೂರು ಜನ ನನ್ನ ತಲೆಯ ಮೇಲೆ ಕೈ ಇಟ್ಟರು. ನಾನು ಕಾಲು ಚಾಚಲು ಒದ್ದಾಡಿದಷ್ಟೂ ಅವರು ಗಟ್ಟಿಯಾಗಿ ಅದುಮಿ, "ಅಲ್ಲೆಲೂಯ!" ಎಂದರು. ನಾನು "ಬಿಡಿ! ಬಿಡಿ!" ಎಂದೆ. "ನಮಗಲ್ಲ, ಸೈತಾನನಿಗೆ ಹೇಳ್ತಾವ್ಳೆ" ಎಂದರು ಯಾರೋ. ಕೊನೆಗೆ ಕೂಟ ನಡೆಸುವವರು ಕಣ್ಣು ಒರೆಸಿಕೊಂಡು, "ಮಗಳೇ, ಎಲ್ಲರಿಗೂ ಸಾಕ್ಷಿ ಹೇಳು. ನಿನ್ನನ್ನು ಮುಟ್ಟಿದ್ದು ಏನು?" ಎಂದು ಕೇಳಿದರು.

"ಮೀನಖಂಡ ಹಿಡ್ಕೊಂಡಿದೆ ಅಂಕಲ್. ಯಾರಾದರೂ ಹೆಬ್ಬೆರಳು ಎಳೀರಿ."

ಎಳೆದರು. ನೋವು ತಕ್ಷಣ ಹೋಯಿತು. "ನೋಡಿದ್ರಾ!" ಎಂದರು ಎಲ್ಲರೂ.

೪. ಗಂಟೆಗೆ ಮೂವತ್ತಾರು

ನಮ್ಮ ಕುಟುಂಬದ ಫೋನ್ ಗ್ರೂಪಿನಲ್ಲಿ ಎಲ್ಲರೂ ದಿನಾ ಎಷ್ಟು ನಡೆದೆವು, ಎಷ್ಟು ಓಡಿದೆವು ಎಂದು ಹಾಕುವ ರೂಢಿ ಶುರುವಾಗಿತ್ತು. ನನಗೂ ಗಂಡನ ತಂಗಿಗೂ ಪೈಪೋಟಿ. ಒಂದು ದಿನ ಓಡುವ ಮೊದಲು ಆ್ಯಪ್ ಒತ್ತಿದ್ದೇನೆ; ಅಷ್ಟರಲ್ಲಿ ಗಂಡ "ಕೊರವಂಗಲದಲ್ಲಿ ಯಾರನ್ನೋ ನೋಡಬೇಕು, ಬಾ" ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಅಲ್ಲಿ ಇಳಿದಾಗ ಫೋನು ತಾನಾಗಿಯೇ ಗ್ರೂಪಿಗೆ ಕಳಿಸಿತ್ತು: ಹನ್ನೆರಡು ಕಿಲೋಮೀಟರ್, ಇಪ್ಪತ್ತು ನಿಮಿಷ.

ಗಂಟೆಗೆ ಮೂವತ್ತಾರು ಕಿಲೋಮೀಟರ್. ಗಣಿತ ಟೀಚರಿಗೆ ಲೆಕ್ಕ ತಿಳಿಯದೇ ಇರುತ್ತದೆಯೇ? ಆದರೆ ಅಷ್ಟರಲ್ಲಿ ಚಪ್ಪಾಳೆಗಳು ಬರಲು ಶುರುವಾಗಿದ್ದವು. "ಅತ್ತಿಗೆ ಸೂಪರ್!" "ನಮ್ಮ ಮನೆತನದ ಹೆಮ್ಮೆ!" ಜೀವಮಾನದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂಬುದು ಈಸ್ಟರಿಗೆ ಮುಂಚಿನ ತಪಸ್ಸುಕಾಲದವರೆಗೆ ಹೋಯಿತು.

ಆಗ ಗುರುಗಳ ಮುಂದೆ ಪಾಪನಿವೇದನೆ ಮಾಡಲೇಬೇಕು. ನಮ್ಮ ಫಾದರ್ ನನ್ನ ದನಿ ಗುರುತು ಹಿಡಿಯುತ್ತಾರೆ ಎಂದು ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದೆ. ಅಲ್ಲಿ ಪಾಪನಿವೇದನೆಯ ಪೀಠದಲ್ಲಿ ಪರದೆಯ ಈಚೆ ಮಂಡಿಯೂರಿ, ದನಿ ದಪ್ಪ ಮಾಡಿಕೊಂಡು, ಸ್ಕೂಟರಿನ ಕತೆ ಪೂರ್ತಿ ಹೇಳಿದೆ. ಇದ್ದಕ್ಕಿದ್ದಂತೆ ಪೀಠ ಗಡಗಡ ಅಲ್ಲಾಡಿತು. ಒಳಗಿದ್ದವರು ನಗು ತಡೆಯಲಾಗದೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿಯೇ ತಿಳಿಯಿತು: ನಮ್ಮ ಹಾಸನದ ಫಾದರೇ! ಜನ ಹೆಚ್ಚೆಂದು ಅವತ್ತು ಅಲ್ಲಿಗೆ ಸಹಾಯಕ್ಕೆ ಬಂದಿದ್ದರಂತೆ.

"ಮೂರು ನಮೋ ಮರಿಯ ಜಪ ಹೇಳಮ್ಮ. ಆಮೇಲೆ ಗ್ರೂಪಿನಲ್ಲಿ ನಿಜ ಹಾಕು" ಎಂದರು.

ಹೊರಗೆ ಬಂದು ಹಾಕಿದೆ. ಮೊದಲು ಗಂಡನ ತಂಗಿ ಬರೆದಳು: "ಅತ್ತಿಗೆ, ನಾನು ಹೋದ ವಾರ ಹಾಕಿದ್ದೂ ಆಟೋದಲ್ಲಿ ಹೋಗಿದ್ದೇ." ಅವಳ ಗಂಡ ಬರೆದ: "ನನ್ನ ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಫೋನನ್ನು ಮೊಮ್ಮಗಳ ತೊಟ್ಟಿಲಿಗೆ ಕಟ್ಟಿ ತೂಗಿದ್ದು." ಒಬ್ಬೊಬ್ಬರೇ ಒಪ್ಪಿಕೊಂಡರು. ಕೊನೆಗೆ ನೋಡಿದರೆ, ನಮ್ಮ ಕುಟುಂಬದಲ್ಲಿ ನಿಜವಾಗಿ ನಡೆದವರು ಅತ್ತೆ ಒಬ್ಬರೇ. ಅವರ ಹತ್ತಿರ ಫೋನೇ ಇಲ್ಲ.

೫. ಚನ್ನರಾಯಪಟ್ಟಣದ ನಾಲ್ವರು

ಚನ್ನರಾಯಪಟ್ಟಣದಲ್ಲಿ ಒಂದು ಸಂಘದವರು ಮೂರು ಕಿಲೋಮೀಟರ್ ಓಟ ಇಟ್ಟರು. ನಲವತ್ತೈದು ದಾಟಿದ ಹೆಂಗಸರಿಗೆ ಬೇರೆ ಸ್ಪರ್ಧೆ. ಮೊದಲ ಬಹುಮಾನ ಕುಕ್ಕರ್, ಎರಡನೆಯದು ಸ್ಟೀಲಿನ ಡಬ್ಬಿಗಳು, ಮೂರನೆಯದು ಫ್ಲಾಸ್ಕ್. ಇಡೀ ಮನೆ ಕಾರಿನಲ್ಲಿ ಹೊರಟಿತು.

ಹೋಗಿ ನೋಡಿದರೆ ನಮ್ಮ ವಿಭಾಗಕ್ಕೆ ಬಂದಿದ್ದವರು ಮೂರೇ ಜನ. ಬೆಳಗೊಳದ ಕಡೆಯ ಒಬ್ಬ ಜೈನ ಹೆಂಗಸು. ದಿನಾ ಬೆಟ್ಟ ಹತ್ತಿ ಇಳಿಯುವವರು, ಕಾಲು ಉಕ್ಕಿನ ಹಾಗಿತ್ತು. ಇನ್ನೊಬ್ಬರು ಹಾಸ್ಟೆಲಿನ ಹುಡುಗಿಯರನ್ನು ಕರೆತಂದಿದ್ದ ಒಬ್ಬ ಸಿಸ್ಟರ್; ಬಿಳಿ ನಿಲುವಂಗಿಗೆ ಕ್ಯಾನ್ವಾಸ್ ಬೂಟು ಹಾಕಿ ನಿಂತಿದ್ದರು. ಮೂರನೆಯವಳು ನಾನು.

"ಮೂರು ಜನ, ಮೂರು ಬಹುಮಾನ" ಎಂದರು ಗಂಡ. "ನೀನು ದಾರೀಲಿ ಕೂತು ಟೀ ಕುಡಿದು ಬಂದರೂ ಫ್ಲಾಸ್ಕ್ ನಮ್ಮದೇ."

ಅತ್ತೆ ಅದಾಗಲೇ ಆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಡುವ ಜಾಗವನ್ನೂ ಗೊತ್ತುಮಾಡಿದ್ದರು. ಆದರೂ ಯಾವುದಕ್ಕೂ ಇರಲಿ ಎಂದು ಓಟ ಮುಗಿಯುವ ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಜಪಸರ ತೆಗೆದು ಶುರುಮಾಡಿಕೊಂಡರು.

ತೀರ್ಪುಗಾರರು ನಿವೃತ್ತ ಡ್ರಿಲ್ ಮಾಸ್ಟರು. ಸೀಟಿ ಸಾಲದೆಂದು ಒಂದು ಪಟಾಕಿ ಹೊಡೆಸಿ ಓಟ ಶುರುಮಾಡಿಸಿದರು. ಜೈನ ಹೆಂಗಸು ಮುಂದೆ, ಅವರ ಹಿಂದೆ ಸಿಸ್ಟರ್, ಅವರ ಹಿಂದೆ ನಾನು. ಕೆರೆ ಏರಿಯ ತನಕ ಹೋಗಿ ತಿರುಗಿದೆವು. ಮೈಕಿನಲ್ಲಿ "ಮೂರನೇ ಸ್ಥಾನದಲ್ಲಿ ಅರಕಲಗೂಡಿನ ಟೀಚರ್!" ಎಂದು ಕೂಗುವುದು ಕೇಳಿಸಿತು. ಇನ್ನು ಕಾಲು ಕಿಲೋಮೀಟರ್ ಇರಬಹುದು, ಹಿಂದಿನಿಂದ ಕೂಗು ಬಂತು:

"ಇಡ್ಕಳ್ರವ್ವೋ! ಇಡ್ಕಳ್ರೋ!"

ಒಂದು ಮೇಕೆ, ಕೊರಳಲ್ಲಿ ಹಗ್ಗ ಎಳೆದುಕೊಂಡು ನನ್ನ ಪಕ್ಕದಲ್ಲೇ ಹಾದುಹೋಯಿತು. ಅದರ ಹಿಂದೆ ಸೀರೆ ಎತ್ತಿ ಕಟ್ಟಿದ, ಬರಿಗಾಲಿನ ಒಬ್ಬ ಹೆಂಗಸು. ನನ್ನನ್ನು ದಾಟಿದಳು. ಸಿಸ್ಟರನ್ನು ದಾಟಿದಳು. ಬೆಟ್ಟದ ಕಾಲಿನವರನ್ನೂ ದಾಟಿದಳು. ಮೇಕೆ ಟೇಪನ್ನು ಕೊಂಬಿನಲ್ಲಿ ಕಿತ್ತುಕೊಂಡು ಗೆರೆ ದಾಟಿತು. ಅವಳು ಅದರ ಹಗ್ಗ ಹಿಡಿದು ಗೆರೆಯಾಚೆ ಬಿದ್ದಳು. ಮೈಕಿನವನು ಆವೇಶದಲ್ಲಿ "ಮೊದಲನೇ ಸ್ಥಾನ!" ಎಂದು ಕೂಗಿಬಿಟ್ಟ. ಜನ ಸಿಳ್ಳೆ ಹೊಡೆದರು.

ಡ್ರಿಲ್ ಮಾಸ್ಟರು ಓಡಿ ಬಂದರು. "ನಿನ್ನ ನಂಬರ್ ಎಲ್ಲಮ್ಮ?"

"ನಂಬರ್ ಯಾಕ್ ಸಾ? ಊರಿಗೇ ಗೊತ್ತು, ಇದು ನಮ್ ಮೇಕೆನೇ. ಈ ಮೈದಾನದ ಬೇಲಿಗೇ ಕಟ್ಟಿದ್ದೆ. ನಿಮ್ ಪಟಾಕಿಗೆ ಬೆದರ್ಕಂಡು ಕಿತ್ಕಂಡ್ ಓಯ್ತು. ಕೆರೆ ಏರಿ ಎಲ್ಲ ಸುತ್ತಿಸ್ಬುಡ್ತು ಕಣ್ ಸಾ!"

"ವಯಸ್ಸೆಷ್ಟು?"

"ಮೇಕೇದಾ?"

"ನಿನ್ನದು!"

"ಐವತ್ತು ಆಗಿರ್ಬೇಕು ಬುಡಿ."

ಡ್ರಿಲ್ ಮಾಸ್ಟರು ತಲೆ ಕೆರೆದುಕೊಂಡರು. ಅದೇ ಜಾಗದಿಂದ ಹೊರಟು, ಅದೇ ದಾರಿಯಲ್ಲಿ ಓಡಿ, ಮೊದಲು ಬಂದಿದ್ದಾಳೆ. ಪಟಾಕಿ ಬೇರೆ ತಮ್ಮದೇ. ಕೊನೆಗೆ ನಮ್ಮ ಮೂವರ ಕಡೆ ತಿರುಗಿ, "ನಿಮಗೆ ಆಕ್ಷೇಪಣೆ ಇಲ್ಲದಿದ್ದರೆ ಕೊಟ್ಟುಬಿಡ್ತೀನಿ" ಎಂದರು.

"ಕೊಡಿ ಸರ್, ಗೆದ್ದಿರೋದು ಅವರೇ" ಎಂದರು ಜೈನ ಹೆಂಗಸು. "ನಮಗಿಂತ ಹೆಚ್ಚೇ ಓಡಿದ್ದಾರೆ" ಎಂದರು ಸಿಸ್ಟರ್. ಹೇಳಿ ಇಬ್ಬರೂ ನನ್ನ ಮುಖ ನೋಡಿದರು. ಅವರಿಗೇನು, ಒಬ್ಬರಿಗೆ ಡಬ್ಬಿ, ಒಬ್ಬರಿಗೆ ಫ್ಲಾಸ್ಕ್ ಇದ್ದೇ ಇತ್ತು. "ಆಕ್ಷೇಪಣೆ ಇದೆ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆ ಹೆಂಗಸಿನ ಕಾಲು ನೋಡಿದೆ. ಮುಳ್ಳು ಗೀರಿ ರಕ್ತ ಬಂದಿತ್ತು. ಅವಳು ಅದನ್ನು ಗಮನಿಸಿಯೇ ಇರಲಿಲ್ಲ, ಮೇಕೆಯ ಕಾಲು ಸವರುತ್ತಿದ್ದಳು.

"ಕೊಡಿ" ಎಂದೆ.

ಕುಕ್ಕರು ಕೈಗೆ ಬಂದಾಗ ಅವಳು ನಮ್ಮನ್ನೆಲ್ಲ ನೋಡಿ, "ಇದು ಬತ್ತದೆ ಅಂತ ಮೊದ್ಲೇ ಗೊತ್ತಿದ್ರೆ ಇನ್ನೂ ಜೋರಾಗಿ ಓಡ್ತಿದ್ದೆ ಕಣವ್ವ" ಎಂದಳು. ಸರ್ಟಿಫಿಕೇಟನ್ನು ಮೇಕೆ ಅಲ್ಲೇ ತಿಂದಿತು.

ನಾಲ್ವರಲ್ಲಿ ನಾಲ್ಕನೆಯವಳಾಗಿ ಕಾರು ಹತ್ತಿದೆ. ಗಂಡ ನಗು ತಡೆದುಕೊಂಡು ಸ್ಟಿಯರಿಂಗ್ ಕಚ್ಚುವುದೊಂದು ಬಾಕಿ. ಮಗಳು ಕಿಟಕಿ ಕಡೆ ಮುಖ ಮಾಡಿ ಭುಜ ಕುಣಿಸುತ್ತಿದ್ದಳು. ಅತ್ತೆ ಮಾತ್ರ ಕೈಯಲ್ಲಿನ ಜಪಸರವನ್ನೇ ನೋಡುತ್ತಾ ಕೂತಿದ್ದರು. ಶಾಂತಿಗ್ರಾಮ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನಿಂದೇನೂ ತಪ್ಪಿಲ್ಲ ಕಣವ್ವ. ತಪ್ಪೆಲ್ಲ ನಂದೇ."

"ನಿಮ್ಮದೇನತ್ತೆ ತಪ್ಪು?"

"ಜಪದಲ್ಲಿ ನಿನ್ನ ಹೆಸ್ರು ಹೇಳ್ಲಿಲ್ಲ. 'ತಾಯೀ, ಬೆಳಗಾನ ಎದ್ದು ದುಡಿದು ಸಾಕಾಗಿರೋ ಒಬ್ಬ ಹೆಂಗ್ಸು ಓಡ್ತಾವ್ಳೆ, ಅವಳ್ನ ಗೆಲ್ಸವ್ವ' ಅಂದ್ಬುಟ್ಟೆ. ಆ ತಾಯಿ ಮೇಲಿಂದ ನೋಡಿ, ಸರಿಯಾಗೇ ಆರಿಸಿ ಕೊಟ್ಟವ್ಳೆ." ಒಂದು ನಿಟ್ಟುಸಿರು ಬಿಟ್ಟು ಸೇರಿಸಿದರು, "ಮುಂದಿನ್ ಸಲ ಹೆಸ್ರು, ಊರು, ಎದೆ ಮೇಲಿನ್ ನಂಬರು, ಎಲ್ಲಾ ಬುಡಿಸಿ ಹೇಳ್ತೀನಿ ಬುಡು."