ಕಪಿಲೆಯ ಇಳಿಜಾರನ್ನು ನಾನು ಮಟ್ಟ ಮಾಡಿದ್ದು

ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರುವವರಿಗೆ ನಾಲ್ಕು ಬುದ್ಧಿಮಾತು ಬರೆದುಕೊಡಬೇಕೆಂದು ಚಳ್ಳಕೆರೆಯ ಹಿರಿಯರು ನನ್ನನ್ನು ಕೇಳಿದ್ದಾರೆ. ನಮ್ಮೂರಿನಿಂದ ಬೆಂಗಳೂರಿನ ಆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸದ್ಯಕ್ಕೆ ಕೊನೆಯವನೂ ನಾನೇ! ಆದ್ದರಿಂದ ಬುದ್ಧಿ ಹೇಳುವ ಹಕ್ಕು ಬೇರೆ ಯಾರಿಗೂ ಇಲ್ಲ. ನಾಲ್ಕು ಮಾತು ನನ್ನ ಹತ್ತಿರ ಇಲ್ಲ, ಇರುವುದು ಒಂದೇ. ಮೊದಲ ರಜೆಗೆ ಊರಿಗೆ ಬರುವಾಗ ರಸಮಟ್ಟವನ್ನು ತರಬೇಡಿ.

ರಸಮಟ್ಟವೆಂದರೆ ಗೇಣುದ್ದದ ಮರದ ಪಟ್ಟಿ. ಅದರ ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ರಸ, ರಸದಲ್ಲೊಂದು ಗುಳ್ಳೆ. ಇಟ್ಟ ಜಾಗ ಸಮವಾಗಿದ್ದರೆ ಗುಳ್ಳೆ ನಟ್ಟನಡುವೆ ನಿಲ್ಲುತ್ತದೆ, ಓರೆಯಾಗಿದ್ದರೆ ಪಕ್ಕಕ್ಕೆ ಓಡುತ್ತದೆ. ಕಾಲೇಜಿನ ಮೊದಲ ಆರು ತಿಂಗಳಲ್ಲಿ ನನಗೆ ಪೂರ್ತಿಯಾಗಿ ಅರ್ಥವಾಗಿದ್ದ ಸಂಗತಿ ಇದೊಂದೇ. ಹಾಗಾಗಿ ಅದರ ಮೇಲೆ ನನಗೆ ಬಹಳ ಪ್ರೀತಿ.

ಡಿಸೆಂಬರ್ ರಜೆಗೆ ಮನೆಗೆ ಬಂದವನೇ ಕಾಲು ತೊಳೆಯುವ ಮೊದಲು ಹೊಸ್ತಿಲಿನ ಮೇಲೆ ರಸಮಟ್ಟ ಇಟ್ಟೆ. ಓರೆ! ಅವ್ವನ ಬೀಸುವ ಕಲ್ಲಿನ ಮೇಲೆ ಇಟ್ಟೆ. ಅದೂ ಓರೆ!

"ಇಪ್ಪತ್ತು ವರ್ಷ ಆತು ಕಣಪ್ಪ, ಒಂದು ದಿನಾನೂ ಹಿಟ್ಟು ಬೀಳಲ್ಲ ಅಂತ ಹಟ ಮಾಡಿಲ್ಲ ಅದು," ಅಂದಳು ಅವ್ವ.

ಅಪ್ಪ ಅಂಗಡಿಯಲ್ಲಿ ಕೂರುವ ಗದ್ದಿಗೆಯಲ್ಲಂತೂ ಗುಳ್ಳೆ ಸರ್ರನೆ ಓಡಿ ಮೂಲೆ ಸೇರಿತು. ಗದ್ದಿಗೆಯನ್ನು ಕಿತ್ತು ಹೊಸದಾಗಿ ಕಟ್ಟಿಸಬೇಕೆಂದು ಸವಿನಯವಾಗಿ ಸಲಹೆ ಕೊಟ್ಟೆ. ಅಪ್ಪ ನನ್ನನ್ನೂ ಗುಳ್ಳೆಯನ್ನೂ ಒಂದೊಂದು ಸಲ ನೋಡಿದರು.

"ಬಸಣ್ಣ, ನಿಮ್ಮ ಗೌರತ್ತೆ ನಿನ್ನ ನೋಡಬೇಕಂತ ಹೇಳಿ ಕಳಿಸಿದ್ಲು. ಸಿದ್ದಾಪುರಕ್ಕೆ ಹೋಗಿ ಬಾ. ನಾಳೇನೇ ಹೋಗು. ಗಾಡಿ ಕಟ್ಟಿಸ್ತೀನಿ!"

ಗೌರತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಬೇಸಾಯವನ್ನೆಲ್ಲ ತಾನೇ ನಿಂತು ಮಾಡಿಸುತ್ತಿದ್ದಳು. ಇದ್ದ ಜಮೀನಿನಲ್ಲಿ ಮುಕ್ಕಾಲು ಪಾಲು ಬಂಡೆ. ಉಳಿದದ್ದರಲ್ಲಿ ಒಂದು ಬಾವಿ, ಬಾವಿಯ ಕೆಳಗೆ ಹತ್ತು ಮಡಿ ಈರುಳ್ಳಿ. ಸಸಿ ನಾಟಿ ಮಾಡಿ ವಾರವಾಗಿತ್ತಷ್ಟೆ. ಮೂರು ದಿನಕ್ಕೊಮ್ಮೆ ನೀರು ಕೊಡದಿದ್ದರೆ ಆ ವರ್ಷದ ಬೆಳೆಯೇ ಇಲ್ಲ. ಇದನ್ನು ಅತ್ತೆ ನನಗೆ ಹೋದ ದಿನವೇ ಹೇಳಿದ್ದಳು. ನಾನು ತಲೆಯನ್ನೂ ಆಡಿಸಿದ್ದೆ.

ನೀರೆತ್ತುತ್ತಿದ್ದದ್ದು ಕಪಿಲೆ. ಬಾವಿಯ ಬಾಯಿಂದ ಹೊಲದ ಕಡೆಗೆ ಒಂದು ಇಳಿಜಾರು ದಾರಿ. ಜೋಡಿ ಎತ್ತು ಅದರಲ್ಲಿ ಇಳಿಯುತ್ತ ಹಗ್ಗ ಎಳೆದರೆ, ರಾಟೆಯ ಮೇಲಿಂದ ಚರ್ಮದ ಬಾನಿ ನೀರು ತುಂಬಿಕೊಂಡು ಮೇಲೆ ಬರುತ್ತದೆ. ಇಳಿಯುವಾಗ ಹೊಡೆಯುವವನು ಹಗ್ಗದ ಮೇಲೆ ಕೂತುಬಿಡುತ್ತಾನೆ. ನೀರು ಸುರಿದ ಮೇಲೆ ಎತ್ತುಗಳು ಅದೇ ದಿಬ್ಬವನ್ನು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹತ್ತಬೇಕು. ಮೂವತ್ತು ವರ್ಷದಿಂದ ಅದನ್ನು ಹೊಡೆಯುತ್ತಿದ್ದವನು ಪಾಲಯ್ಯ. ಮನುಷ್ಯರ ಜೊತೆ ಕನ್ನಡ, ಎತ್ತುಗಳ ಜೊತೆ ತೆಲುಗು. "ರಾರಾ ನಾಯನಾ, ರಾರಾ" ಎಂದು ಅವನು ಕರೆದರೆ ಅವು ನಿಜಕ್ಕೂ ಬರುತ್ತಿದ್ದವು.

ನನ್ನ ಕರುಳು ಚುರುಕ್ ಎಂದಿತು. ಮೂಕ ಪ್ರಾಣಿಗಳು ದಿನಕ್ಕೆ ನೂರು ಸಲ ಹಿಂದುಮುಂದಾಗಿ ದಿಬ್ಬ ಹತ್ತುವುದೇ? ಇಳಿಜಾರಿನಲ್ಲಿ ರಸಮಟ್ಟ ಇಟ್ಟೆ. ಗುಳ್ಳೆ ಓಡಿಹೋಗಿ ಮೂಲೆಯಲ್ಲಿ ಅವಿತುಕೊಂಡಿತು. ಇಷ್ಟು ಘೋರವಾದ ಓರೆಯನ್ನು ನಾನು ಬೆಂಗಳೂರಿನಲ್ಲೂ ಕಂಡಿರಲಿಲ್ಲ.

"ಅತ್ತೆ, ಇದನ್ನ ಮಟ್ಟ ಮಾಡಿಸಿಬಿಡೋಣ. ಎತ್ತು ಸಲೀಸಾಗಿ ಹೋಗಿ ಸಲೀಸಾಗಿ ಬರ್ತವೆ. ನೀರು ದುಪ್ಪಟ್ಟು!"

ಅತ್ತೆ ಪಾಲಯ್ಯನ ಮುಖ ನೋಡಿದಳು.

"ಇಳಿಜಾರು ನಮ್ಮಜ್ಜನ ಕಾಲದ್ದು ಸಾಮಿ," ಅಂದ ಅವನು.

"ನಿಮ್ಮಜ್ಜ ಯಾಕೆ ಹಾಗೆ ಮಾಡಿದ, ಕಾರಣ ಹೇಳು ನೋಡೋಣ?"

"ಕಾರಣ ನನಗೇನು ಗೊತ್ತು ಸಾಮಿ? ಹಂಗಿದ್ರೆ ನೀರು ಬರ್ತೈತೆ."

"ಅದು ಕಾರಣವಲ್ಲ, ರೂಢಿ!" ಎಂದೆ. ಕಾಲೇಜಿನಲ್ಲಿ ಮೇಷ್ಟ್ರು ಹೀಗೇ ಹೇಳುತ್ತಿದ್ದರು, ಸಾಮಾನ್ಯವಾಗಿ ನನಗೇ. ಅತ್ತೆಗೆ ಮಾತ್ರ ಹೆಮ್ಮೆ ಉಕ್ಕಿತು. "ಓದಿದ ಹುಡುಗ ಹೇಳ್ತಾನೆ, ಮಾಡ್ರಪ್ಪ," ಅಂದುಬಿಟ್ಟಳು. ಅವಳು ಆ ನಂಬಿಕೆ ಇಟ್ಟದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಎಂಟು ಆಳು, ಎರಡು ದಿನ. ಮಣ್ಣು ತುಂಬಿದರು, ಕಲ್ಲು ತುಂಬಿದರು, ದಮ್ಮಸು ಹಾಕಿ ಗಟ್ಟಿ ಮಾಡಿದರು. ಮೂರನೇ ದಿನ ಬೆಳಿಗ್ಗೆ ಗುಳ್ಳೆ ನಟ್ಟನಡುವೆ ನಿಂತಿತು. ಅತ್ತೆ ರಾಟೆಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಸಿದಳು. ಊರಿನ ಅರ್ಧ ಜನ ಬಂದಿದ್ದರು. ನಾನು ನಾಲ್ಕು ಮಾತು ಆಡಿದೆ. ಆಡಬಾರದಿತ್ತು.

ಬಾನಿ ಬಾವಿಗಿಳಿದು ನೀರು ತುಂಬಿಕೊಂಡಿತು. ಎತ್ತುಗಳು ಎಳೆದವು. ಬಾನಿ ಅರ್ಧ ಬಾವಿಯವರೆಗೆ ಬಂದು ನಿಂತಿತು. ಎತ್ತುಗಳೂ ನಿಂತವು. ಪಾಲಯ್ಯ ರೂಢಿಯಂತೆ ಹಗ್ಗದ ಮೇಲೆ ಕೂತ. ಏನೂ ಆಗಲಿಲ್ಲ. ಅವು ಕತ್ತು ತಿರುಗಿಸಿ ಅವನನ್ನು ನೋಡಿದವು.

"ತೂಕ ಸಾಲದು, ನಾನೂ ಕೂರ್ತೀನಿ!" ಎಂದು ನಾನು ಅವನ ಹಿಂದೆ ಕೂತೆ.

"ಬ್ಯಾಡ ಸಾಮಿ..." ಅನ್ನುವಷ್ಟರಲ್ಲಿ ಎತ್ತುಗಳ ಗೊರಸು ಹೊಸ ಮಣ್ಣಿನಲ್ಲಿ ಜಾರಿತು. ತುಂಬಿದ ಬಾನಿ ನಮ್ಮೆಲ್ಲರನ್ನೂ ತನ್ನ ಕಡೆಗೆ ಎಳೆದುಕೊಂಡು ಹೊರಟಿತು. ಮುಂದೆ ನಾನು, ನನ್ನ ಹಿಂದೆ ಪಾಲಯ್ಯ, ಅವನ ಹಿಂದೆ ಎರಡು ಎತ್ತು! ಬಾವಿಯ ಕಟ್ಟೆ ಅಡ್ಡ ಸಿಕ್ಕಿತು, ನಾನು ಅದನ್ನು ತಬ್ಬಿಕೊಂಡೆ. ಬಾನಿ ಮಾತ್ರ ಬಾವಿಯ ಗೋಡೆಗೆ ಬಡಿದು ಪರ್ರನೆ ಹರಿಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ಈರುಳ್ಳಿ ಮಡಿಗಳ ಕಡೆ ನೋಡುತ್ತಿದ್ದರು. ನೀರು ಕೊಡಬೇಕಾದ ದಿನ ಅದೇ.

ಬಾನಿ ಹೊಲಿಸಲು ಒಬ್ಬನನ್ನು ಮೊಳಕಾಲ್ಮೂರಿಗೆ ಓಡಿಸಿದರು. ಅತ್ತೆ ಒಂದು ಮಾತೂ ಬೈಯದೆ ಸೆರಗು ಸಿಕ್ಕಿಸಿ ಕೊಡ ಎತ್ತಿಕೊಂಡಳು. ಅದು ಬೈದದ್ದಕ್ಕಿಂತ ಹೆಚ್ಚಾಯಿತು. ನಾನೂ ಕೊಡ ಹಿಡಿದೆ. ಸಂಜೆಯವರೆಗೆ ಸೇದಿ ಸೇದಿ, ಹೊತ್ತು ಹೊತ್ತು, ನಾವೆಲ್ಲ ಸೇರಿ ನಾಲ್ಕು ಮಡಿ ತೋಯಿಸಿದೆವು. ಮರುದಿನ ಇನ್ನೂ ನಾಲ್ಕು. ನಡುನಡುವೆ ಸನಿಕೆ ಹಿಡಿದು, ತುಂಬಿದ ಮಣ್ಣನ್ನೆಲ್ಲ ಮತ್ತೆ ತೋಡಿದೆ. ನನ್ನ ಅಂಗೈಯಲ್ಲಿ ಸಾಲಾಗಿ ಬೊಬ್ಬೆ ಎದ್ದವು.

ತೋಡುತ್ತ ತೋಡುತ್ತ ಇನ್ನೊಂದು ಸತ್ಯ ಹೊಳೆಯಿತು. ಹಳೆಯ ಇಳಿಜಾರು ಎಷ್ಟು ಓರೆಯಿತ್ತೆಂದು ನಾನು ಅಳೆದಿಟ್ಟುಕೊಂಡಿರಲೇ ಇಲ್ಲ! ಎಲ್ಲರೂ ನನ್ನನ್ನು ನೋಡಿದರು. ನಾನು ಕಾಗದ ತೆಗೆದು ಗೆರೆ ಎಳೆದೆ, ಹೊಡೆದು ಹಾಕಿದೆ, ಮತ್ತೆ ಎಳೆದೆ.

"ಅದನ್ನ ಮಡಗು ಸಾಮಿ," ಅಂದ ಪಾಲಯ್ಯ ಮೆಲ್ಲಗೆ. "ಎತ್ತನ್ನೇ ಕೇಳಾನ."

ಎತ್ತುಗಳನ್ನು ಬರಿದೇ ಇಳಿಸಿದ, ಹತ್ತಿಸಿದ. ಅವು ತಡವರಿಸಿದ ಕಡೆ ಒಂದು ಬುಟ್ಟಿ ಮಣ್ಣು ಹಾಕಿಸಿದ, ಓಡಿದ ಕಡೆ ಒಂದು ಬುಟ್ಟಿ ತೆಗೆಸಿದ. ತಾನೂ ಬರಿಗಾಲಲ್ಲಿ ನಡೆದು ನೋಡಿದ. ಅದರ ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಲಿದ ಬಾನಿ ಬಂತು. ಎತ್ತು ಇಳಿದವು, ಪಾಲಯ್ಯ ಹಗ್ಗದ ಮೇಲೆ ಕೂತ, ನೀರು ಗಳಗಳ ಎಂದು ಕಾಲುವೆಗೆ ಬಿತ್ತು. ನನಗೆ ಅಳು ಬಂದಿತ್ತು, ಬೆವರು ಒರೆಸಿಕೊಳ್ಳುವವನಂತೆ ಒರೆಸಿಕೊಂಡೆ.

ಎಂಟು ಮಡಿ ಉಳಿದವು. ನೀರು ಕಾಣದ ತುದಿಯ ಎರಡು ಮಡಿ ಅಷ್ಟರಲ್ಲೇ ಬಾಡಿಹೋಗಿದ್ದವು. ಅತ್ತೆ ರಾತ್ರಿ ಊಟಕ್ಕೆ ಮುದ್ದೆ ಬಡಿಸುತ್ತ, ನನ್ನ ಅಂಗೈ ಹಿಡಿದು ನೋಡಿ ಬೆಣ್ಣೆ ಹಚ್ಚಿದಳು.

"ಅತ್ತೆ, ಆ ಎರಡು ಮಡಿ..."

"ಹೋಗ್ಲಿ ಬಿಡಲೇ. ಕಲಿಯಾಕೆ ಅಂತ ಹೋಗಿದೀಯ. ನಿಮ್ಮ ಮೇಷ್ಟ್ರಿಗೆ ನನ್ನ ಕಡೆಯಿಂದ ದಕ್ಷಿಣೆ ಅಂತ ತಿಳ್ಕಂತೀನಿ."

ರಜೆ ಮುಗಿಸಿ ಕಾಲೇಜಿಗೆ ಮರಳಿದೆ. ಮೊದಲ ದಿನವೇ ಮೇಷ್ಟ್ರು ಹಲಗೆಯ ಮೇಲೆ ಒಂದು ಓರೆ ಗೆರೆ ಎಳೆದು, ಭಾರ ಎಳೆಯುವವನಿಗೆ ಇಳಿಜಾರಿನಿಂದ ಆಗುವ ಉಪಕಾರವೇನೆಂದು ಕೇಳಿದರು. ನಾನು ಕೈ ಎತ್ತಿದೆ. ಇಳಿಯುವಾಗ ಎತ್ತಿನ ಮೈತೂಕವೂ ಅದರ ಜೊತೆ ಸೇರಿ ಎಳೆಯುತ್ತದೆಂದೂ, ಹತ್ತುವಾಗ ಬಾನಿ ಬರಿದಾಗಿರುವುದರಿಂದ ಕಷ್ಟವಿಲ್ಲವೆಂದೂ ಹೇಳಿದೆ.

"ಭೇಷ್! ಯಾವ ಪುಸ್ತಕ ಓದಿದೆ?"

ನಾನು ನನ್ನ ಅಂಗೈ ನೋಡಿಕೊಂಡೆ. "ಪುಸ್ತಕವಲ್ಲ ಸಾರ್. ನಮ್ಮತ್ತೆಯ ಎತ್ತು."

ತರಗತಿಯೆಲ್ಲ ನಕ್ಕಿತು. ಕೂತು ಪುಸ್ತಕ ಬಿಡಿಸಿದೆ. ರಜೆಗೆ ಮುಂಚೆ ಪಾಠ ನಿಂತಿದ್ದದ್ದು ರಸಮಟ್ಟದ ಚಿತ್ರವಿದ್ದ ಪುಟದಲ್ಲಿ. ಇಳಿಜಾರು ಇದ್ದದ್ದು ಅದರ ಹಿಂಬದಿಯಲ್ಲೇ! ಒಂದು ಹಾಳೆ ಮಗುಚಿದ್ದರೆ ಎರಡು ಮಡಿ ಈರುಳ್ಳಿ ಉಳಿಯುತ್ತಿತ್ತು. ಪಾಲಯ್ಯನ ಮಾತು ಕೇಳಿದ್ದರೆ ಹಾಳೆ ಮಗುಚುವ ಶ್ರಮವೂ ಉಳಿಯುತ್ತಿತ್ತು.