ಗೇಟಿನ ಮೇಲೊಂದು ‘ಅರ್ಸ್ಟ್‌ವೈಲ್’

ಇಂಗ್ಲಿಷ್ ಪದಗಳ ವಿಷಯದಲ್ಲಿ ನನಗೊಂದು ಕಾಯಿಲೆಯಿದೆ. ಯಾರೂ ಕೇಳದಿದ್ದಾಗ ಅರ್ಥ ಗೊತ್ತಿರುತ್ತದೆ. ಕೇಳಿದ ಕೂಡಲೇ ಅನುಮಾನ ಶುರುವಾಗುತ್ತದೆ. ಜ್ಞಾನಭಾರತಿಯಲ್ಲಿ ಎಂ.ಎ. ಓದಿ ನಾನು ಸಂಪಾದಿಸಿದ್ದೂ ಈ ಅನುಮಾನವನ್ನೇ. ಪದವಿ ಅದರ ಜೊತೆಗೆ ಬಂತು.

ಬಸವೇಶ್ವರನಗರದಲ್ಲಿ ನಾವು ಮಹಡಿಯಲ್ಲಿ ಬಾಡಿಗೆಗಿರುವ ಮನೆಯ ಓನರ್ ಗಂಗಾಧರಯ್ಯನವರು ಈಚೆಗೆ ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್ ಹುದ್ದೆಯಿಂದ ನಿವೃತ್ತರಾದರು. ನಮ್ಮ ಬೀದಿಯಲ್ಲಿ ನಿವೃತ್ತರಾದವರು ಮೊದಲು ಮಾಡಿಸುವುದು ಗೇಟಿಗೊಂದು ಗ್ರಾನೈಟ್ ಫಲಕ. ಹೆಸರು, ಹುದ್ದೆ, ಕೊನೆಗೆ ‘ರಿಟೈರ್ಡ್’. ಆ ಕೊನೆಯ ಪದ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

“ಮೇಷ್ಟ್ರೇ, ಕಲ್ಲಲ್ಲಿ ರಿಟೈರ್ಡ್ ಅಂತ ಕೆತ್ತಿಸಿದ್ರೆ ನಾಳೆಯಿಂದ ಹಾಲಿನವನೂ ಮಾತಾಡಿಸಲ್ಲ. ಸುಳ್ಳೂ ಆಗಬಾರ್ದು, ಮರ್ಯಾದೆನೂ ಹೋಗಬಾರ್ದು. ಅಂಥದ್ದೊಂದು ಪದ ಕೊಡ್ರಿ.”

ನನ್ನ ಬಾಯಿಂದ ‘ಅರ್ಸ್ಟ್‌ವೈಲ್’ ಎಂಬ ಹಳೆಯ ಪದ ಉದುರಿತು. ‘ಹಿಂದೆ ಇದ್ದ’ ಎಂದರ್ಥ ಎಂದೆ.

“ತೂಕ ಇದೆ ಕಣ್ರೀ!” ಎನ್ನುತ್ತಾ ಅವರು ಸ್ಕೂಟರ್ ಹತ್ತಿದರು.

ಅವರು ತಿರುವು ದಾಟುವ ಮೊದಲೇ ನನ್ನ ಕಾಯಿಲೆ ಕೆರಳಿತು. ಅದರ ಅರ್ಥ ‘ಮಾನ್ಯ’ ಎಂದಲ್ಲವೇ? ನಾನು ಪಾಠ ಮಾಡುವ ಕಾಲೇಜಿನ ಪ್ರಿನ್ಸಿಪಾಲರು ಎದುರಿಗೇ ಕೂತ ಅತಿಥಿಗಳನ್ನು ಪ್ರತಿ ಸಮಾರಂಭದಲ್ಲೂ ‘ಅರ್ಸ್ಟ್‌ವೈಲ್ ಚೀಫ್ ಗೆಸ್ಟ್’ ಎಂದೇ ಸ್ವಾಗತಿಸುತ್ತಾರೆ. ನಿಘಂಟು ತೆಗೆದೆ. ‘ಹಿಂದಿನ’ ಎಂದೇ ಇತ್ತು. ನಾನು ಸರಿಯಾಗಿರುವುದು ಅಪರೂಪವಾದ್ದರಿಂದ ಇನ್ನೊಂದು ನಿಘಂಟನ್ನೂ ನೋಡಿದೆ.

ಫಲಕ ಬಂತು. ಎದುರುಮನೆ ಆಂಟಿ ನಿಂತು ಓದಿ, “ಏನ್ ಸಾರ್, ರಿಟೈರ್ ಆದ್ರಿ ಅಂದ್ಕೊಂಡಿದ್ವಿ. ಪ್ರಮೋಷನ್ ಕೊಟ್ರಾ?” ಎಂದರು. ಗಂಗಾಧರಯ್ಯನವರು ಇಲ್ಲವೆನ್ನಲಿಲ್ಲ. ವಾರದೊಳಗೆ ನಾನು ಹೇಳಿದ್ದ ಅರ್ಥವನ್ನು ಅವರೇ ಮರೆತು, ಬಂದವರಿಗೆಲ್ಲ “ನಮ್ಮ ಮೇಷ್ಟ್ರು ಕೊಟ್ಟ ಬಿರುದು” ಎನ್ನತೊಡಗಿದರು. ತಿದ್ದೋಣವೆಂದುಕೊಂಡೆ. ಆದರೆ ನಿವೃತ್ತರಾದ ಮೇಲೆ ಕುಗ್ಗಿಹೋಗಿದ್ದ ಮನುಷ್ಯ ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಬಳಿ ನಿಲ್ಲುತ್ತಿದ್ದರು. ಅವರನ್ನು ಎರಡನೇ ಸಲ ನಿವೃತ್ತರನ್ನಾಗಿಸಲು ನನಗೆ ಧೈರ್ಯ ಬರಲಿಲ್ಲ.

ಮೊನ್ನೆ ಭಾನುವಾರ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಪೇಪರ್ ಸುತ್ತಿದ ಪೊಟ್ಟಣ, ಇನ್ನೊಂದರಲ್ಲಿ ಡ್ರಿಲ್ಲಿಂಗ್ ಮಷೀನ್. “ನಮ್ಮನೇಲಿರೋರಿಗೂ ಮರ್ಯಾದೆ ಬೇಡ್ವೇನ್ರೀ? ನಿಮಗೂ ಒಂದು ಮಾಡಿಸ್ದೆ.”

ಚಿಕ್ಕ ಕರಿಕಲ್ಲು. ನನ್ನ ಹೆಸರಿನ ಕೆಳಗೆ ‘ಅರ್ಸ್ಟ್‌ವೈಲ್ ಲೆಕ್ಚರರ್’.

“ಸಾರ್, ನನಗೆ ಇನ್ನೂ ಸರ್ವೀಸ್ ಇದೆ...”

“ಸಂಕೋಚ ಯಾಕ್ರೀ? ನೀವು ಅದಕ್ಕೆ ಲಾಯಕ್ಕು!” ಎಂದು ಡ್ರಿಲ್ಲಿಂಗ್ ಮಷೀನ್ ಎತ್ತಿಕೊಂಡರು. ಅವರು ಹತ್ತಿದ ಸ್ಟೂಲ್ ಅಲುಗದಂತೆ ನಾನು ಹಿಡಿದುಕೊಂಡೆ.

ಸೋಮವಾರ ಎಂದಿಗಿಂತ ಮುಂಚೆಯೇ ಕಾಲೇಜಿಗೆ ಹೋಗಿ ಹಾಜರಿ ಯಂತ್ರದ ಮೇಲೆ ಹೆಬ್ಬೆರಳಿಟ್ಟೆ. ಅದು ನನ್ನನ್ನು ಗುರುತಿಸಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಇಡುವ ಮೊದಲು, ಮೊಬೈಲಿನಲ್ಲಿ ಆ ಪದಕ್ಕೆ ಇನ್ನೊಮ್ಮೆ ನಿಘಂಟು ನೋಡಿದೆ.